ಮೊದಲು ಹೆಸರು, ಆಮೇಲೆ ಮಚ್ಚು

ಭಾನುವಾರ ಬೆಳಿಗ್ಗೆ ಏಳೂವರೆ. ಕಾಫಿ ಲೋಟ ಕೈಯಲ್ಲಿತ್ತು, ಪತ್ರಿಕೆ ಇನ್ನೂ ಬಿಚ್ಚಿರಲಿಲ್ಲ. ಎದುರು ಮನೆಯ ಹುಡುಗ ಗೇಟಿನ ಬಳಿ ನಿಂತು, ‘ಅಂಕಲ್, ನಿಮ್ಮನೇಲಿ ಮಚ್ಚು ಇದೆಯಾ?’ ಎಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ವಾರವಾಗಿತ್ತಷ್ಟೆ. ಪರೀಕ್ಷೆ ಮುಗಿಸಿದ ಹುಡುಗ ಬೆಳಗಾಗುತ್ತಲೇ ಮಚ್ಚು ಕೇಳಿಕೊಂಡು ಬಂದರೆ ಯಾರಿಗಾದರೂ ಗಾಬರಿಯೇ.

‘ಯಾಕಪ್ಪಾ?’ ಎಂದೆ.

‘ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಪಾಯ್ಸನ್ ಐವಿ ಹತ್ತಿಕೊಂಡಿದೆ ಅಂಕಲ್. ಮೂರು ಮೂರು ಎಲೆ. ಪುಸ್ತಕದಲ್ಲಿ ಇರೋ ಹಾಗೇ ಇದೆ. ಇವತ್ತೇ ಎಳೆದುಹಾಕಿ ಬೆಂಕಿ ಇಟ್ಟುಬಿಡ್ತೀನಿ.’

ಮಾತಾಡುತ್ತಲೇ ಅವನು ಕತ್ತು ಕೆರೆದುಕೊಳ್ಳುತ್ತಿದ್ದ. ಅಂದರೆ ಕೆಲಸ ಆಗಲೇ ಶುರುವಾಗಿತ್ತು. ಕಾಫಿ ಅಲ್ಲೇ ಬಿಟ್ಟು ಅವನ ಹಿಂದೆ ಹೊರಟೆ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಸೈಟು ಕೊಂಡವರು ಮನೆಯ ಹಿಂದೆ ಒಂದು ತೆಂಗು, ಒಂದು ಮಾವು, ಜಾಗ ಉಳಿದರೆ ಒಂದು ಸೀಬೆ ನೆಡುತ್ತಿದ್ದರು. ಆ ಮರಗಳಲ್ಲಿ ಉಳಿದುಕೊಂಡವು ಈಗ ಅಜ್ಜಂದಿರಾಗಿವೆ. ಬನಶಂಕರಿ, ಜೆ.ಪಿ. ನಗರದ ಹಳೆಯ ಮನೆಗಳಲ್ಲೂ ಇದೇ ಕಥೆ. ನೆಟ್ಟವರು ಇಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ, ಹಿತ್ತಲಿಗೆ ಹೋಗುವವರು ಯಾರೂ ಇಲ್ಲ. ಅಂಥ ಕಡೆ ಬಳ್ಳಿಗಳು ಬಂದು ಸೇರುತ್ತವೆ. ಕೆಲವನ್ನು ನಾವೇ ತಂದದ್ದು, ಕೆಲವು ಪಕ್ಕದ ಖಾಲಿ ಸೈಟಿನಿಂದ ಕಾಂಪೌಂಡು ಹತ್ತಿ ಬಂದದ್ದು.

ಈ ಮರದ ಮೇಲಿದ್ದದ್ದು ಖಾಲಿ ಸೈಟಿನಿಂದ ಬಂದ ಬಳ್ಳಿ. ಮೂರೆಲೆ ಇದ್ದದ್ದು ನಿಜ. ಆದರೆ ಎಲೆಗಳ ನಡುವೆ ಹುಣಸೆಕಾಯಿಯ ತಮ್ಮನಂತೆ ಬಾಗಿದ, ಕಂದು ಬಣ್ಣದ ಮಖಮಲ್ಲು ಹೊದ್ದ ಕಾಯಿಗಳು ಗೊಂಚಲು ಗೊಂಚಲಾಗಿ ಒಣಗಿ ನೇತಾಡುತ್ತಿದ್ದವು. ಹಳ್ಳಿಯಲ್ಲಿ ದನ ಕಾಯ್ದ ಯಾರನ್ನೇ ಕರೆದು ತೋರಿಸಿ, ಒಂದು ಹೆಜ್ಜೆ ಹಿಂದೆ ಸರಿದು ಹೇಳುತ್ತಾರೆ: ನಸುಗುನ್ನಿ!

ಐವಿ ಎಲ್ಲಿಯದು, ನೆಂಟರು ಎಲ್ಲಿಯವರು?

ಪಾಯ್ಸನ್ ಐವಿ ಉತ್ತರ ಅಮೆರಿಕದ ಬಳ್ಳಿ. ನ್ಯೂಜೆರ್ಸಿಯಲ್ಲೋ ವರ್ಜೀನಿಯಾದಲ್ಲೋ ಮನೆ ಮಾಡಿರುವ ನಿಮ್ಮ ಅತ್ತೆ, ಚಿಕ್ಕಪ್ಪನನ್ನು ಕೇಳಿದರೆ ಅದರ ಕಥೆ ಹೇಳಿಯಾರು. ಅದರ ರಸದಲ್ಲಿ ಉರುಶಿಯಾಲ್ ಎಂಬ ಎಣ್ಣೆಯಂಥ ವಸ್ತುವಿದೆ. ಚರ್ಮಕ್ಕೆ ಸೋಕಿದರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕೆಂಪಗೆ ದದ್ದು, ಗುಳ್ಳೆ, ತುರಿಕೆ. ಸುಟ್ಟರೆ ಹೊಗೆಯ ಜೊತೆ ಶ್ವಾಸಕೋಶಕ್ಕೂ ಹೋಗುತ್ತದೆ. ಅಲ್ಲಿನ ಮಕ್ಕಳಿಗೆ ‘ಮೂರೆಲೆ ಕಂಡರೆ ಮುಟ್ಟಬೇಡ’ ಎಂದು ಕಲಿಸುತ್ತಾರೆ.

ಆ ಪಾಠವನ್ನು ಹಾಗೇ ಜಯನಗರಕ್ಕೆ ತಂದರೆ ನಾವು ಅವರೆ ಬಳ್ಳಿಯನ್ನೂ ಮುಟ್ಟುವಂತಿಲ್ಲ. ಅವರೆ, ಹಲಸಂದೆ, ಹೊಲದ ಹುರುಳಿ ಎಲ್ಲಕ್ಕೂ ಮೂರು ಎಲೆಗಳೇ! ಅವರೆಕಾಯಿಗೆ ಹೆದರಿ ಬೆಂಗಳೂರಿನಲ್ಲಿ ಬದುಕುವುದು ಹೇಗೆ?

ತಮಾಷೆ ಇನ್ನೊಂದಿದೆ. ಪಾಯ್ಸನ್ ಐವಿಯ ನಿಜವಾದ ನೆಂಟ ಆ ಹಿತ್ತಲಲ್ಲೇ ಇತ್ತು. ಅದು ಬಳ್ಳಿಯಲ್ಲ, ಬಳ್ಳಿಯನ್ನು ಹೊತ್ತಿದ್ದ ಮಾವಿನ ಮರ! ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಬೀಜ, ಪಾಯ್ಸನ್ ಐವಿ ಎಲ್ಲವೂ ಒಂದೇ ಸಸ್ಯಕುಟುಂಬದವು. ಎಳೆ ಮಾವಿನಕಾಯಿ ಕಿತ್ತಾಗ ತುಟಿಗೆ ಸೊನೆ ಹತ್ತಿ ಸುಟ್ಟುಕೊಂಡ ನೆನಪು ನಿಮಗಿದ್ದರೆ, ಆ ಸೊನೆಯಲ್ಲಿರುವುದು ಉರುಶಿಯಾಲ್‌ನ ಹತ್ತಿರದ ಬಂಧುಗಳೇ.

ಇದನ್ನೆಲ್ಲ ಹೇಳಿದ್ದು ಹುಡುಗನನ್ನು ನಗುವುದಕ್ಕಲ್ಲ. ಅವನು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಊರಿನ ಹಿತ್ತಲಿನ ಪಾಠ. ನಮ್ಮ ಹಿತ್ತಲಿನ ವಿಷದ ಬಳ್ಳಿಗಳು ಬೇರೆ. ಒಂದೊಂದು ಅಪಾಯ ಮಾಡುವ ರೀತಿ ಒಂದೊಂದು ಥರ, ಆದ್ದರಿಂದ ಅವನ್ನು ತೆಗೆಯುವ ರೀತಿಯೂ ಬೇರೆ ಬೇರೆ. ಹೆಸರು ಗೊತ್ತಿಲ್ಲದೆ ಮಚ್ಚು ಎತ್ತಬಾರದು ಎನ್ನುವುದು ಅದಕ್ಕೇ.

ನಾಲ್ಕು ಪರಿಚಯಗಳು

ಮೊದಲನೆಯದು ಈ ನಸುಗುನ್ನಿ. ಇದರ ಅಪಾಯ ಕಾಯಿಯ ಮೇಲಿನ ರೋಮದಲ್ಲಿದೆ. ಒಣಗಿದ ಕಾಯಿಯನ್ನು ಸ್ವಲ್ಪ ಅಲುಗಿಸಿದರೂ ರೋಮ ಗಾಳಿಗೆ ಹಾರಿ ಚರ್ಮಕ್ಕೆ ಚುಚ್ಚುತ್ತದೆ. ಅದರಲ್ಲಿರುವ ಮ್ಯುಕುನೇನ್ ಎಂಬ ಕಿಣ್ವ ಮತ್ತು ಸೆರೊಟೋನಿನ್ ಸೇರಿ ಉರಿ, ತುರಿಕೆ ಎಬ್ಬಿಸುತ್ತವೆ. ಕಣ್ಣಿಗೆ ಬಿದ್ದರಂತೂ ಕೇಳುವುದೇ ಬೇಡ. ಇದೇ ಗಿಡದ ಬೀಜದಲ್ಲಿ ಎಲ್-ಡೋಪಾ ಇದೆಯೆಂದು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಕಂಡುಕೊಂಡರು. ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧ ಎಲ್-ಡೋಪಾ.

ಎರಡನೆಯದು ಗುಲಗಂಜಿ. ತುರಹಳ್ಳಿ ಕಾಡಿನ ಕಡೆ ಅಡ್ಡಾಡಿದವರು ಇದನ್ನು ಬೇಲಿ, ಪೊದೆಗಳ ಮೇಲೆ ನೋಡಿರಬಹುದು. ಹುಣಸೆ ಎಲೆಯಂಥ ಎಲೆ, ತೆಳ್ಳನೆಯ ಬಳ್ಳಿ. ಕಾಯಿ ಒಣಗಿ ಬಿರಿದಾಗ ಕೆಂಪು ಮೈ, ಕಪ್ಪು ಮೂತಿಯ ಬೀಜಗಳು ಹೊರಗಿಣುಕುತ್ತವೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಇದೇ ಬೀಜದಿಂದ. 96 ಗುಲಗಂಜಿ ಸೇರಿದರೆ ಒಂದು ತೊಲ, ಅಂದರೆ ಒಂದು ಬೀಜ ಗ್ರಾಂನ ಎಂಟನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಈ ಪುಟ್ಟ ಬೀಜದೊಳಗೆ ಅಬ್ರಿನ್ ಎಂಬ ವಿಷವಿದೆ. ಹರಳು ಬೀಜದಲ್ಲಿರುವ ರೈಸಿನ್‌ನ ದಾಯಾದಿ ಇದು. ಜೀವಕೋಶಗಳು ಪ್ರೋಟೀನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷ ಇಲ್ಲ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಹಾಗೇ ಹೊರಗೆ ಹೋಗುವುದುಂಟು. ಅಗಿದರೆ, ಅಥವಾ ಸಿಪ್ಪೆಗೆ ತೂತು ಬಿದ್ದಿದ್ದರೆ, ಪ್ರಾಣಕ್ಕೇ ಬರುತ್ತದೆ. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ತಾನು ಮಾರಿದ್ದ ಕೈಬಳೆಗಳನ್ನು ಗಿರಾಕಿಗಳಿಂದ ವಾಪಸು ಕೇಳಬೇಕಾಯಿತು. ಬಳೆಯಲ್ಲಿ ಪೋಣಿಸಿದ್ದದ್ದು ಗುಲಗಂಜಿ! ಅಜ್ಜಿಯ ಚೆನ್ನೆಮಣೆಯ ಡಬ್ಬಿಯಲ್ಲಿ ಕೆಂಪು ಬೀಜಗಳಿದ್ದರೆ ಒಮ್ಮೆ ನೋಡಿ. ಪೂರ್ತಿ ಕೆಂಪಗಿದ್ದರೆ ಅದು ಮಂಜೊಟ್ಟಿ, ಮರದ ಬೀಜ. ಕಪ್ಪು ಚುಕ್ಕೆ ಇದ್ದರೆ ಗುಲಗಂಜಿ. ಅದನ್ನು ಪುಟ್ಟ ಮಕ್ಕಳ ಕೈಗೆ ಕೊಡಬೇಡಿ.

ಮೂರನೆಯದು ಗೌರಿ ಹೂವು, ಅಗ್ನಿಶಿಖೆ. ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ನಾಲಗೆಯಂತೆ ಕೆಂಪು, ಹಳದಿ ದಳ ಬಿಚ್ಚಿ ನಿಲ್ಲುವ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ನೋಡಲು ಇದಕ್ಕಿಂತ ಚೆಂದದ ಹೂವು ಅಪರೂಪ. ಇದರ ಗಡ್ಡೆ ನೇಗಿಲಿನಂತೆ ಕವಲೊಡೆದಿರುವುದರಿಂದ ಲಾಂಗಲಿ ಎಂಬ ಹೆಸರೂ ಇದೆ. ಗಿಡದ ಎಲ್ಲ ಭಾಗದಲ್ಲೂ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚಾಗಿ, ಕಾಲ್ಚಿಸಿನ್ ಇದೆ. ಪಿಯುಸಿ ಜೀವಶಾಸ್ತ್ರ ಓದುವವರು ಈ ಹೆಸರು ಕೇಳಿರುತ್ತೀರಿ. ಕೋಶವಿಭಜನೆಯನ್ನು ತಡೆಯುವ ಅದೇ ರಾಸಾಯನಿಕ. ತಿನ್ನುವ ಗೆಣಸೆಂದು ತಿಳಿದು ಈ ಗಡ್ಡೆ ಬೇಯಿಸಿ ತಿಂದವರು ಸತ್ತದ್ದುಂಟು.

ನಾಲ್ಕನೆಯದರ ಹೆಸರು ಹೇಳಿದರೆ ನಗುತ್ತೀರಿ: ಮನಿ ಪ್ಲಾಂಟ್! ಪಕ್ಕದ ಮನೆಯಿಂದ ಕದ್ದು ತಂದರೆ ಮಾತ್ರ ದುಡ್ಡು ಬರುತ್ತದೆ ಎಂದು ನಂಬಿ ತಂದು ನೆಟ್ಟದ್ದು. ಬಾಟಲಿಯಲ್ಲಿ ಅಂಗೈಯಷ್ಟಿದ್ದ ಎಲೆ ತೆಂಗಿನ ಮರ ಹತ್ತಿದ ಮೇಲೆ ಮೊರದಷ್ಟಾಗುತ್ತದೆ. ಫ್ರೆಂಚ್ ಪಾಲಿನೇಷ್ಯಾದ ದ್ವೀಪವೊಂದರಿಂದ ಬಂದ ಇದು ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೆ ಸೇರಿದ್ದು. ಸರಿಯಾಗಿ ಬೇಯದ ಕೆಸುವಿನ ಪತ್ರೊಡೆ ತಿಂದು ಗಂಟಲು ಕೆರೆದವರಿಗೆ ಇದರ ಗುಣ ಗೊತ್ತು. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ರಸದಲ್ಲಿರುತ್ತವೆ. ಮಗು ಎಲೆ ಕಡಿದರೆ ಬಾಯಿ, ನಾಲಗೆ ಊದಿಕೊಳ್ಳುತ್ತದೆ. ಬಳ್ಳಿ ಕತ್ತರಿಸುವಾಗ ರಸ ಮೊಣಕೈವರೆಗೆ ಇಳಿದರೆ ಕೆಲವರಿಗೆ ದದ್ದು ಏಳುತ್ತದೆ. ಪ್ರಾಣಾಪಾಯದ ಮಾತು ಅಪರೂಪ. ಆದರೆ ನಮ್ಮ ಬಡಾವಣೆಗಳಲ್ಲಿ ಅತಿ ಹೆಚ್ಚು ಮರಗಳ ಮೇಲೆ ಕೂತಿರುವ ಬಳ್ಳಿ ಬಹುಶಃ ಇದೇ.

ಹಾಗೆಂದು ಮರ ಹತ್ತಿದ ಬಳ್ಳಿಗಳೆಲ್ಲ ಶತ್ರುಗಳಲ್ಲ. ವೀಳ್ಯದೆಲೆ, ಅಮೃತಬಳ್ಳಿ, ಮಲ್ಲಿಗೆ ಇವೂ ಆಸರೆ ಬೇಡುವವೇ. ಬಳ್ಳಿ ಮರದ ರಸ ಹೀರುತ್ತದೆ ಎಂಬುದೂ ಎಲ್ಲ ಬಳ್ಳಿಗೆ ಸಲ್ಲದ ಮಾತು. ಹಾಗೆ ಹೀರುವುದು ಬಂದಳಿಕೆ. ಅದು ಬಳ್ಳಿಯಲ್ಲ, ಕೊಂಬೆಯೊಳಗೇ ಬೇರಿಳಿಸಿದ ಗಿಡ. ಅದನ್ನು ತೆಗೆಯಬೇಕಾದರೆ ಅದು ಕೂತ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಉಳಿದ ಬಳ್ಳಿಗಳು ಮರಕ್ಕೆ ಮಾಡುವ ತೊಂದರೆ ಬಿಸಿಲು ಮುಚ್ಚುವುದು, ಭಾರ ಹೇರುವುದು, ಕಾಂಡದ ಕೊಳೆತವನ್ನು ಮರೆಮಾಡುವುದು. ಏಪ್ರಿಲ್, ಮೇ ತಿಂಗಳ ಸಂಜೆಮಳೆಯ ಗಾಳಿಗೆ ಅಂಥ ಕೊಂಬೆಯೇ ಮೊದಲು ಕಾರಿನ ಮೇಲೆ ಬೀಳುವುದು.

ತೆಗೆಯುವ ಕ್ರಮ

ಮೊದಲು ಹೆಸರು ಪತ್ತೆ ಮಾಡಿ. ಎಲೆ, ಹೂವು, ಕಾಯಿ, ಕಾಂಡ ನಾಲ್ಕನ್ನೂ ಮುಟ್ಟದೆ ಫೋನಿನಲ್ಲಿ ಚಿತ್ರ ತೆಗೆಯಿರಿ. ಶಾಲೆ ಕಾಲೇಜಿನ ಜೀವಶಾಸ್ತ್ರದ ಮೇಷ್ಟರಿಗೋ, ಲಾಲ್‌ಬಾಗಿನಲ್ಲಿರುವ ತೋಟಗಾರಿಕೆ ಇಲಾಖೆಯವರಿಗೋ ತೋರಿಸಿ. ಫೋನಿನ ಆ್ಯಪ್ ಹೇಳಿದ ಹೆಸರನ್ನು ಸುಳಿವೆಂದು ತಿಳಿಯಿರಿ, ತೀರ್ಪೆಂದಲ್ಲ. ಎರಡು ಬಾರಿ ಕೇಳಿದರೆ ಎರಡು ಹೆಸರು ಹೇಳುವುದುಂಟು.

ಎರಡನೆಯದು ಕಾಲ. ನಸುಗುನ್ನಿ, ಗುಲಗಂಜಿಗಳನ್ನು ಕಾಯಿ ಒಣಗುವ ಮೊದಲೇ, ಹೂ ಬಿಟ್ಟಾಗಲೇ ತೆಗೆಯುವುದು ಜಾಣತನ. ನಸುಗುನ್ನಿಯ ಹೂವು ಕಡುನೇರಳೆ, ಗೊಂಚಲಾಗಿ ಜೋತುಬಿದ್ದಿರುತ್ತದೆ. ಆಗ ಗುರುತು ಹಿಡಿದು ಬುಡ ಕತ್ತರಿಸಿದರೆ ಅರ್ಧ ಗಂಟೆಯ ಕೆಲಸ. ಒಂದು ವರ್ಷದ ಬಾಳಿನ ಬಳ್ಳಿ, ಬೀಜ ಕಟ್ಟಲು ಬಿಡದಿದ್ದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಉಡುಪು. ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕ್. ಬಟ್ಟೆಯ ಕೈಗವಸು ರಸ ಹೀರಿಕೊಳ್ಳುತ್ತದೆ, ಬೇಡ. ಕೆಲಸ ಮುಗಿದ ಮೇಲೆ ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ನಾಲ್ಕನೆಯದು ಕೊಯ್ತ. ಎಳೆಯಬಾರದು. ಎಳೆದರೆ ಮರದ ತೊಗಟೆ ಸುಲಿಯುತ್ತದೆ, ಒಣಕೊಂಬೆ ತಲೆಯ ಮೇಲೆ ಬೀಳುತ್ತದೆ, ಕಾಯಿ ಸಿಡಿದು ಮುಖಕ್ಕೇ ಬರುತ್ತದೆ. ಬಳ್ಳಿಯನ್ನು ಮೊಣಕಾಲ ಎತ್ತರದಲ್ಲಿ ಒಮ್ಮೆ, ಎದೆಯ ಎತ್ತರದಲ್ಲಿ ಒಮ್ಮೆ ಕತ್ತರಿಸಿ, ನಡುವಿನ ತುಂಡನ್ನು ತೆಗೆದುಬಿಡಿ. ಮಚ್ಚಿಗಿಂತ ಕೊಂಬೆ ಕತ್ತರಿಸುವ ಕತ್ತರಿ ಅಥವಾ ಸಣ್ಣ ಗರಗಸ ಒಳ್ಳೆಯದು. ಮಚ್ಚಿನ ಏಟು ಮರಕ್ಕೂ ಬೀಳುತ್ತದೆ. ಮೇಲಿನ ಭಾಗವನ್ನು ಹಾಗೇ ಬಿಡಿ, ಕೆಲವು ವಾರಗಳಲ್ಲಿ ಬಾಡಿ ಒಣಗಿ ಹಗುರಾಗುತ್ತದೆ. ಮನಿ ಪ್ಲಾಂಟ್ ಮಾತ್ರ ಈ ಉಪಾಯಕ್ಕೆ ಬೇಗ ಬಗ್ಗದು. ತೊಗಟೆಗೆ ಅಂಟಿದ ಬೇರುಗಳಿಂದಲೇ ಮಳೆಗಾಲವಿಡೀ ಜೀವ ಹಿಡಿದುಕೊಳ್ಳಬಲ್ಲದು. ಅದನ್ನು ತುಂಡು ತುಂಡಾಗಿ ಬಿಡಿಸಿ ಇಳಿಸಬೇಕು. ಪ್ರತಿ ಗೆಣ್ಣೂ ಮತ್ತೆ ಚಿಗುರುವುದರಿಂದ ರಾಜಕಾಲುವೆಗೋ ಕೆರೆಯ ದಡಕ್ಕೋ ಎಸೆಯಬಾರದು.

ಐದನೆಯದು ಬೇರು. ಗುಲಗಂಜಿಯ ಬೇರನ್ನು ಹಾರೆ ಹಾಕಿ ಆಳದಿಂದ ತೆಗೆಯಬೇಕು. ಅಗ್ನಿಶಿಖೆಯ ಗಡ್ಡೆ ಮುರಿದು ಉಳಿದರೆ ಮುಂದಿನ ಮಳೆಗೆ ಮತ್ತೆ ಹಾಜರು. ಮಳೆ ಬಿದ್ದ ಮೇಲೆ ಎರಡು ಮೂರು ವರ್ಷ ಮರದ ಬುಡದಲ್ಲಿ ಸಸಿ ಹುಡುಕಿ ಕೀಳುತ್ತಿರಿ. ಮಕ್ಕಳಿಗೆ ಒಳ್ಳೆಯ ಪ್ರಯೋಗಪಾಠ, ಕೈಗವಸು ಹಾಕಿಕೊಂಡು.

ಏನು ಮಾಡಬಾರದು ಎಂಬುದನ್ನೂ ಹೇಳಬೇಕು. ಬೆಂಕಿ ಇಡಬೇಡಿ. ಬುಡಕ್ಕೆ ಸೀಮೆಎಣ್ಣೆ, ಆ್ಯಸಿಡ್, ಕಳೆನಾಶಕ ಸುರಿಯಬೇಡಿ, ಬಳ್ಳಿಗಿಂತ ಮುಂಚೆ ಮರ ಹೋದೀತು. ಬಳ್ಳಿ ಕರೆಂಟು ತಂತಿಯನ್ನು ಮುಟ್ಟಿದ್ದರೆ ದೋಟಿ ಎತ್ತಲೇಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ದಟ್ಟ ಬಳ್ಳಿಯೊಳಗೆ ಜೇನುಗೂಡೋ ಹಾವೋ ಇಲ್ಲವೆಂದು ಖಾತ್ರಿಯಾಗದೆ ಕೈ ತೂರಿಸಬೇಡಿ. ಮರ ಏರುವ ಕೆಲಸ ಮಕ್ಕಳದ್ದಲ್ಲ. ಬಳ್ಳಿಯ ಕಾಟಕ್ಕೆ ಮರವನ್ನೇ ಕಡಿದುಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿಸಿ. ನಮ್ಮ ಹಿತ್ತಲಿನ ಮರವಾದರೂ ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಇಷ್ಟಾದರೂ ಅಪಾಯ ಬಂದರೆ? ನಸುಗುನ್ನಿ ಹತ್ತಿದರೆ ಉಜ್ಜಬೇಡಿ, ಟವೆಲಿನಿಂದ ಒರೆಸಬೇಡಿ. ಅಂಟುವ ಟೇಪನ್ನು ಚರ್ಮದ ಮೇಲೆ ಒತ್ತಿ ಎತ್ತಿದರೆ ರೋಮ ಅದಕ್ಕೆ ಅಂಟಿ ಬರುತ್ತದೆ, ಆಮೇಲೆ ತಣ್ಣೀರು, ಸೋಪು. ಕಣ್ಣಿಗೆ ರಸವೋ ರೋಮವೋ ಬಿದ್ದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆಯುತ್ತಲೇ ಇದ್ದು, ನಂತರ ವೈದ್ಯರ ಬಳಿ ಹೋಗಿ. ಮಗು ಗುಲಗಂಜಿ ಅಥವಾ ಯಾವುದೇ ವಿಷದ ಬೀಜ, ಗಡ್ಡೆ ತಿಂದಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ‘ಆಟ ಆಡ್ಕೊಂಡಿದೆಯಲ್ಲ, ನೋಡೋಣ’ ಎಂದು ಕಾಯಲೂಬೇಡಿ. ಅಬ್ರಿನ್‌ನ ಲಕ್ಷಣ ಕಾಣಿಸಿಕೊಳ್ಳಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಗಿಡದ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108. ದೆಹಲಿಯ ಏಮ್ಸ್‌ನಲ್ಲಿ ದಿನದ 24 ಗಂಟೆಯೂ ಕೆಲಸ ಮಾಡುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, 1800 116 117.

ಬುಟ್ಟಿ ಯಾರ ತಲೆಗೆ?

ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಹುಡುಗನಿಗೆ ಇಷ್ಟೆಲ್ಲ ಉಪದೇಶ ಮಾಡಿದ ನಾನು ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂದಿನ ನಸುಗುನ್ನಿಯನ್ನು ಬಹಳ ಜಾಗರೂಕತೆಯಿಂದ ತೆಗೆದಿದ್ದೆ. ಕೈಗವಸು, ಕನ್ನಡಕ, ಎಲ್ಲ ಇತ್ತು. ಒಂದು ರೋಮವೂ ಮೈಗೆ ಸೋಕಲಿಲ್ಲವೆಂದು ಹೆಮ್ಮೆಪಟ್ಟೆ. ಬಳ್ಳಿಯ ರಾಶಿಯನ್ನು ಗೇಟಿನ ಹೊರಗೆ, ಮಾವಿನ ತರಗೆಲೆಯ ಜೊತೆ ಸೇರಿಸಿ ಇಟ್ಟೆ.

ಮರುದಿನ ಬೆಳಿಗ್ಗೆ ಬೀದಿ ಗುಡಿಸುವ ಅಮ್ಮ ಅದನ್ನು ಬರಿಗೈಯಲ್ಲಿ ಬಾಚಿ ಎತ್ತಿದರು. ಬಾಗಿಲು ತಟ್ಟಿದಾಗ ಅವರ ಎರಡೂ ತೋಳು ಕೆಂಪಗಾಗಿ ದಪ್ಪವಾಗಿದ್ದವು. ‘ಏನ್ ಸಾರ್ ಹಾಕಿದ್ರಿ ಇದ್ರಲ್ಲಿ? ಒಂದು ಮಾತು ಹೇಳಬಾರದಾ?’ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ಅವರು ಇನ್ನೂ ಮೂರು ಬೀದಿ ಗುಡಿಸಬೇಕಿತ್ತು.

ನನ್ನ ಕೈ ಉಳಿಸಿಕೊಂಡ ಮಾತ್ರಕ್ಕೆ ಕೆಲಸ ಸುರಕ್ಷಿತವಾಗಿ ಮುಗಿಯಿತು ಎಂದುಕೊಂಡಿದ್ದೆ. ಬಳ್ಳಿ ಮರದಿಂದ ಇಳಿದರೆ ಅಪಾಯ ಮುಗಿಯುವುದಿಲ್ಲ. ಅದು ಗೋಣಿಚೀಲಕ್ಕೆ, ಬುಟ್ಟಿಗೆ, ಆಟೋ ಟಿಪ್ಪರಿಗೆ, ಅಲ್ಲಿಂದ ಕಸ ಆಯುವ ಇನ್ಯಾರದೋ ಬೆರಳಿಗೆ ಹೋಗುತ್ತದೆ. ರಾಶಿಯಲ್ಲಿ ಗುಲಗಂಜಿ ಇದ್ದರೆ ಅದರ ಕೆಂಪು ಬೀಜ ಯಾವ ಮಗುವಿನ ಜೇಬು ಸೇರುತ್ತದೋ! ದುಡ್ಡು ಕೊಟ್ಟು ಮಾಲಿಯಿಂದ ಬಳ್ಳಿ ತೆಗೆಸುವವರಿಗೂ ಇದೇ ಮಾತು. ಹೆಸರನ್ನೂ ಅಪಾಯವನ್ನೂ ಮೊದಲು ಅವರಿಗೆ ಹೇಳಿ, ಕೈಗವಸು ನೀವೇ ಕೊಡಿಸಿ.

ಆ ಭಾನುವಾರ ನಾವು ಬಳ್ಳಿಯನ್ನು ಮುಟ್ಟಲಿಲ್ಲ. ಹುಡುಗನ ಕತ್ತಿಗೆ ಟೇಪು ಹಚ್ಚಿ ತೆಗೆದು, ಸ್ನಾನ ಮಾಡಿಸಿದರು ಅವನ ತಾಯಿ. ಮರುದಿನ ನಸುಕಿನಲ್ಲಿ ಗಾಳಿ ಇಲ್ಲದ ಹೊತ್ತು ನೋಡಿ, ಪೈಪಿನಿಂದ ಮೆಲ್ಲಗೆ ನೀರು ಚಿಮುಕಿಸಿ ಕಾಯಿಗಳನ್ನು ಚೆನ್ನಾಗಿ ನೆನೆಸಿದೆವು. ನೆನೆದ ರೋಮ ಹಾರುವುದಿಲ್ಲ. ಕೈಗೆಟುಕಿದ ಗೊಂಚಲುಗಳನ್ನು ಒಂದೊಂದಾಗಿ ಕತ್ತರಿಸಿ ದಪ್ಪ ಚೀಲಕ್ಕೆ ಇಳಿಸಿದೆವು, ನಂತರ ಬುಡ ಕತ್ತರಿಸಿದೆವು. ತೀರ ಎತ್ತರದಲ್ಲಿದ್ದ ಎರಡು ಗೊಂಚಲನ್ನು ಕೈಬಿಟ್ಟು, ಮಳೆ ಬರುವವರೆಗೆ ಮರದ ಕೆಳಗೆ ಯಾರೂ ಹೋಗದಂತೆ ಹಗ್ಗ ಕಟ್ಟಿದೆವು. ಚೀಲಕ್ಕೆ ಬಾಯಿ ಕಟ್ಟಿ, ‘ನಸುಗುನ್ನಿ. ಬಿಚ್ಚಬೇಡಿ. ಮುಟ್ಟಿದರೆ ತುರಿಕೆ’ ಎಂದು ದಪ್ಪಕ್ಷರದಲ್ಲಿ ಹುಡುಗ ಬರೆದ. ಓದಲು ಬಾರದವರಿಗೆ ಬರಹದಿಂದ ಏನು ಪ್ರಯೋಜನ ಎಂದು ಅವನೇ ಗೇಟಿನಲ್ಲಿ ಕಾದು ನಿಂತು, ಗಾಡಿಯವರಿಗೆ ಬಾಯಲ್ಲೂ ಹೇಳಿ ಕೊಟ್ಟ.

ಮಚ್ಚು ನಮ್ಮ ಮನೆಯಲ್ಲೇ ಇದೆ. ಹುಡುಗ ಆಗಾಗ ಕೇಳಲು ಬರುತ್ತಾನೆ. ಈಗ ಬರುವಾಗ ಮೊದಲು ಫೋನಿನಲ್ಲಿ ಚಿತ್ರ ತೋರಿಸಿ, ‘ಇದರ ಹೆಸರೇನು ಅಂಕಲ್?’ ಎನ್ನುತ್ತಾನೆ. ಅರ್ಧ ಸಲ ನನಗೂ ಗೊತ್ತಿರುವುದಿಲ್ಲ. ಇಬ್ಬರೂ ಸೇರಿ ಲಾಲ್‌ಬಾಗಿಗೆ ಹೋಗುತ್ತೇವೆ.